ಆಲ್ಸಿಂಡರ್, ಲೂ: ವಿದ್ಯಾರ್ಥಿದೆಸೆಯ ಆಟ

1947- . ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ. 1971ರಿಂದೀಚೆಗೆ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ನಾಮಧೇಯದಿಂದ ಲೋಕಪ್ರಸಿದ್ಧ. ವೃತ್ತಿಪರ ಪಂದ್ಯಗಳಲ್ಲಿ ಈತ ಗಳಿಸಿದ ಕೀರ್ತಿ ಅಗಾಧವಾದುದರಿಂದ, ತತ್ಪೂರ್ವದ ವಿದ್ಯಾರ್ಥಿದೆಸೆಯ ಸಾಧನೆ ಸಾಮಾನ್ಯವಾಗಿ ಪೀಠಿಕೆಯ ಸ್ಥಾನವನ್ನಷ್ಟೇ ಪಡೆಯುತ್ತದೆ. ಆದರೆ ಈತನ ಆಟದ ವಿಶಿಷ್ಟ ಲಕ್ಷಣಗಳು ಆ ವರ್ಷಗಳಲ್ಲಿಯೇ, ಅದರಲ್ಲೂ ನಿಯಮಗಳು ಒಡ್ಡಿದ ಎರಡು ನಿರ್ಬಂಧಗಳಿಗೆ ಒಳಪಟ್ಟೇ ರೂಪುಗೊಂಡುವಾದ್ದರಿಂದ, ಆ ಅವಧಿಯನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಯುಕ್ತ.

ಬಾಲ್ಯ ಮತ್ತು ಶಾಲೆ

1947ರ ಏಪ್ರಿಲ್ 16ರಂದು ನ್ಯೂಯಾರ್ಕ್ ನಗರದಲ್ಲಿ ಜನನ. ತಂದೆ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಅಭ್ಯಾಸ ಮಾಡಿದವನು, ಜೀವನೋಪಾಯಕ್ಕೆ ನಗರದ ಸಾರಿಗೆ ಪೊಲೀಸ್ ಪಡೆಯಲ್ಲಿದ್ದವನು. ಮ್ಯಾನ್‌ಹಾಟನ್ನಿನ ಉತ್ತರದ ಇನ್‌ವುಡ್‌ನಲ್ಲಿ ಬೆಳೆದ ಬಾಲಕ, ಸೇಂಟ್ ಜೂಡ್ ಶಾಲೆಯಲ್ಲಿದ್ದಾಗಲೇ ಹುಕ್ ಶಾಟನ್ನು, ಎಂದರೆ ಒಂದೇ ಕೈಯಿಂದ ತಲೆಯ ಮೇಲಿಂದ ಚೆಂಡನ್ನು ಎಸೆಯುವುದನ್ನು, ಅಭ್ಯಾಸ ಮಾಡತೊಡಗಿದನು. ಹಿಂದಿನ ಆಟಗಾರ ಜಾರ್ಜ್ ಮೈಕನ್ನನ ಹೆಸರಿನಿಂದ ಪ್ರಸಿದ್ಧವಾದ, ಈತ ಅನುಸರಿಸಿದ ಅಭ್ಯಾಸಕ್ರಮದಲ್ಲಿ ಆಟಗಾರ ರಿಂಗಿನ ಕೆಳಗೆ ನಿಂತು, ಒಮ್ಮೆ ಬಲಗೈಯಿಂದ ಬಲಕ್ಕೆ, ಮರುಕ್ಷಣವೇ ಎಡಗೈಯಿಂದ ಎಡಕ್ಕೆ, ಚೆಂಡನ್ನು ನೆಲಕ್ಕೆ ಬೀಳಗೊಡದೆ ಎಸೆಯುತ್ತಲೇ ಇರಬೇಕು.

ಪವರ್ ಮೆಮೋರಿಯಲ್ ಎಂಬ ಕ್ಯಾಥೊಲಿಕ್ ಪ್ರೌಢಶಾಲೆಯಲ್ಲಿ, ಜ್ಯಾಕ್ ಡಾನಹ್ಯೂನ ಶಿಕ್ಷಣದಲ್ಲಿ, ಈತ ಆಡಿದ ತಂಡ 79 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತಿತು. ಇವುಗಳಲ್ಲಿ 71 ಗೆಲುವುಗಳು ಎಡೆಬಿಡದೆ ಬಂದವು. ಈತನ ಒಟ್ಟು ಗಳಿಕೆ 2,067 ಅಂಕಗಳು. ಆ ಜೈತ್ರಯಾತ್ರೆ ನಿಂತದ್ದು 1965ರ ಜನವರಿ 30ರಂದು, ಮೇರಿಲ್ಯಾಂಡಿನ ಡಿಮಾತಾ ಶಾಲೆಯ ಎದುರು, 46–43ರಲ್ಲಿ. ಡಿಮಾತಾದ ಶಿಕ್ಷಕ ಮಾರ್ಗನ್ ವುಟನ್, ಆಲ್ಸಿಂಡರನ ಎತ್ತರದ ಕೈಯ ಮೇಲಿಂದ ಚೆಂಡು ಹಾಯಿಸುವುದನ್ನು ತನ್ನ ಹುಡುಗರಿಗೆ ರೂಢಿ ಮಾಡಿಸಲು, ಅಭ್ಯಾಸದಲ್ಲಿ ಎದುರಾಳಿಯಾಗಿ ನಿಂತವನ ಕೈಗೆ ಟೆನಿಸ್ ರ‍್ಯಾಕೆಟ್ ಕೊಟ್ಟು ಮೇಲೆತ್ತಿಸಿದ್ದನು. ಅಂದು ಆಲ್ಸಿಂಡರನಿಗೆ 16 ಅಂಕಗಳಿಗಿಂತ ಮೇಲೇರಲಾಗಲಿಲ್ಲ.

1964ರ ಬೇಸಗೆಯಲ್ಲಿ ಹಾರ್ಲೆಮ್‌ನ ಯುವಜನ ಯೋಜನೆಯೊಂದರ ಪತ್ರಿಕಾ ವಿಭಾಗದಲ್ಲಿ ಈತ ಕೆಲಸಮಾಡಿದನು. ಮಾರ್ಟಿನ್ ಲೂಥರ್ ಕಿಂಗ್‌ರ ಪತ್ರಿಕಾಗೋಷ್ಠಿಯನ್ನೂ, ಆ ಜುಲೈ ತಿಂಗಳಲ್ಲಿ ಅಲ್ಲಿ ನಡೆದ ಗಲಭೆಯನ್ನೂ ಹತ್ತಿರದಿಂದ ಕಂಡನು. ಮುಂದಿನ ನಿಲುವುಗಳ ಮೂಲ ಪ್ರಾಯಶಃ ಇಲ್ಲಿಯೇ ಉಂಟು.

ವಿಶ್ವವಿದ್ಯಾನಿಲಯಗಳ ಪೈಪೋಟಿ

ಏಳಡಿಗೂ ಮಿಕ್ಕ ಈ ವಿದ್ಯಾರ್ಥಿಯನ್ನು ತಮ್ಮವನನ್ನಾಗಿ ಮಾಡಿಕೊಳ್ಳಲು ದೇಶದ ವಿಶ್ವವಿದ್ಯಾನಿಲಯಗಳು ಹಾತೊರೆದುವು. ಪತ್ರಕರ್ತರನ್ನೂ ಆಹ್ವಾನಪತ್ರಗಳನ್ನೂ ಡಾನಹ್ಯೂ ತಾನೇ ತಡೆದು, ಹುಡುಗನ ಸುತ್ತ ಒಂದು ಮೌನದ ಆವರಣವನ್ನು ಕಟ್ಟಿದ್ದನು. ಆದರೆ ಪಂದ್ಯವೊಂದರ ವಿರಾಮದಲ್ಲಿ ಆತ ಆಡಿದ ಜನಾಂಗೀಯ ನಿಂದೆಯ ಮಾತು ಶಿಷ್ಯನ ಮನಸ್ಸಿನಲ್ಲಿ ಮಾಯದ ಗಾಯವಾಗಿ ಉಳಿಯಿತೆಂದು ಆಲ್ಸಿಂಡರನ ಆತ್ಮಕಥನದಿಂದ ತಿಳಿಯುತ್ತದೆ. 1965ರಲ್ಲಿ ಡಾನಹ್ಯೂ ಹೋಲಿ ಕ್ರಾಸ್ ಕಾಲೇಜಿನ ಶಿಕ್ಷಕನಾದಾಗ ಶಿಷ್ಯ ಹಿಂಬಾಲಿಸದಿದ್ದುದಕ್ಕೆ ಇದೂ ಒಂದು ಕಾರಣವಾಗಿದ್ದಿರಬಹುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆ (ಯುಸಿಎಲ್‌ಎ) ಜಾನ್ ವುಡನ್ನನ ಮಾರ್ಗದರ್ಶನದಲ್ಲಿ 1964, 1965ರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಗೆದ್ದಿತ್ತು; ಅಲ್ಲಿಯ ಹಳೆಯ ವಿದ್ಯಾರ್ಥಿಗಳೂ ಕರಿಯರೂ ಆದ ರಾಜತಂತ್ರಜ್ಞ ರಾಲ್ಫ್ ಬಂಚ್ ಮತ್ತು ಬೇಸ್‌ಬಾಲ್ ಆಟಗಾರ ಜ್ಯಾಕಿ ರಾಬಿನ್‌ಸನ್ ಈತನಿಗೆ ಪತ್ರ ಬರೆದರು. ಕರಿಯ ವಿದ್ಯಾರ್ಥಿಯೊಬ್ಬ ಆಟದಂಗಳದ ಹೊರಗೂ ಅಲ್ಲಿ ಗೌರವದಿಂದ ಬಾಳಬಲ್ಲನೆಂಬ ಈ ಭರವಸೆ, ಗೆದ್ದ ಪ್ರಶಸ್ತಿಗಳಿಗಿಂತ ಹೆಚ್ಚು ತೂಕದ್ದಾಗಿದ್ದಿತೆಂದು ಭಾವಿಸಲು ಆಧಾರವುಂಟು. 1965ರ ಮೇ 4ರಂದು ತನ್ನ ಶಾಲೆಯ ವ್ಯಾಯಾಮಶಾಲೆಯಲ್ಲಿ ಪತ್ರಕರ್ತರನ್ನು ಕಂಡು, ತನ್ನ ಆಯ್ಕೆ ಯುಸಿಎಲ್‌ಎ ಎಂದು ಪ್ರಕಟಿಸಿದನು.

ಪ್ರಥಮ ವರ್ಷ

ಅಂದಿನ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘದ ನಿಯಮದಂತೆ ಪ್ರಥಮ ವರ್ಷದ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದ ಮುಖ್ಯ ತಂಡದಲ್ಲಿ ಸ್ಥಾನವಿರಲಿಲ್ಲ. ಹೊಸತಾಗಿ ಬಂದವನು ಮೊದಲು ವ್ಯಾಸಂಗಕ್ಕೆ ಒಗ್ಗಿಕೊಳ್ಳಲಿ ಎಂಬುದು ಅದರ ಆಶಯ. 1972ರಲ್ಲಿ ಅದು ರದ್ದಾಯಿತು. ಈ ನಿಯಮದಿಂದಾಗಿ, ದೇಶವೆಲ್ಲ ಕಾದಿದ್ದ ಆಟಗಾರ ಒಂದು ವರ್ಷ ಕಾಲ ಪ್ರಶಸ್ತಿಯ ಕಣದಿಂದ ಹೊರಗೆ, ಹೊಸಬರ ತಂಡದಲ್ಲಿ, ಗ್ಯಾರಿ ಕನ್ನಿಂಗ್‌ಹ್ಯಾಮನ ಕೈಕೆಳಗೆ ಆಡಬೇಕಾಯಿತು. ಈ ವರ್ಷವನ್ನು ಚರಿತ್ರಕಾರರು ಒಂದೆರಡು ವಾಕ್ಯಗಳಲ್ಲಿ ದಾಟಿಬಿಡುವುದು ಸರಿಯಲ್ಲ.

1965ರ ನವೆಂಬರ್ 27ರಂದು, ಹೊಸತಾಗಿ ಕಟ್ಟಿದ ಪಾಲಿ ಪೆವಿಲಿಯನ್‌ನಲ್ಲಿ, ಈ ಹೊಸಬರು ತಮ್ಮದೇ ವಿಶ್ವವಿದ್ಯಾನಿಲಯದ ಮುಖ್ಯ ತಂಡವನ್ನು, ಎರಡು ವರ್ಷ ಸತತವಾಗಿ ಪ್ರಶಸ್ತಿ ಗೆದ್ದ ತಂಡವನ್ನು, 75–60ರಿಂದ ಸೋಲಿಸಿದರು. ಆಲ್ಸಿಂಡರನ ಪಾಲು 31 ಅಂಕ, 21 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿದುದು). ಜತೆಗಿದ್ದವರು ಲೂಶಿಯಸ್ ಆ್ಯಲನ್, ಲಿನ್ ಶ್ಯಾಕಲ್‌ಫರ್ಡ್, ಕೆನ್ನಿ ಹೈಟ್ಸ್ ಮೊದಲಾದವರು. ಆ ವರ್ಷ ಅವರು ಆಡಿದ 21 ಪಂದ್ಯಗಳನ್ನೂ ಗೆದ್ದರು. ಮುಖ್ಯ ತಂಡವಾದರೋ ಎಂಟು ಪಂದ್ಯಗಳನ್ನು ಸೋತು ರಾಷ್ಟ್ರೀಯ ಕಣವನ್ನೇ ಪ್ರವೇಶಿಸಲಿಲ್ಲ. ಪಂದ್ಯಕ್ಕೆ 33.1 ಅಂಕಗಳ ಈತನ ಸರಾಸರಿಯನ್ನು, ಎದುರಾಳಿಗಳ ಬಲ ಅಸಮವಾಗಿದ್ದುದರಿಂದ, ಎಚ್ಚರದಿಂದ ಅಳೆಯಬೇಕು. ಹೆಚ್ಚು ಮಹತ್ವದ್ದು, ಆರೆಗನ್ ಸ್ಟೇಟ್‌ನ ಹಿಂದಿನ ಆಟಗಾರ ಜೇ ಕಾರ್ಟಿಯೊಡನೆ ಆ ವರ್ಷ ನಡೆದ ಪ್ರತ್ಯೇಕ ಅಭ್ಯಾಸ. ಗೆಲ್ಲಲೇಬೇಕೆಂಬ ಒತ್ತಡವಿಲ್ಲದ ಈ ವರ್ಷವೇ ಆತನ ಹುಕ್ ಶಾಟಿಗೆ ಬೇಕಾದ ಬಿಡುವನ್ನು ಒದಗಿಸಿತು.

ಡಂಕ್ ನಿಷೇಧ ಮತ್ತು ಹುಕ್ ಶಾಟ್

1966ರ ಡಿಸೆಂಬರ್ 3ರಂದು ಮುಖ್ಯ ತಂಡದ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಎದುರು, 56 ಅಂಕಗಳನ್ನು ಗಳಿಸಿದನು. ಮುಂದಿನ ಫೆಬ್ರವರಿಯಲ್ಲಿ ವಾಷಿಂಗ್‌ಟನ್ ಸ್ಟೇಟ್‌ನ ಎದುರು 61. ತಂಡ 30 ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಲೂಯಿವಿಲ್‌ನಲ್ಲಿ ಡೇಟನ್ನನ್ನು 79–64ರಿಂದ ಮಣಿಸಿ ಪ್ರಶಸ್ತಿಯನ್ನು ಪಡೆಯಿತು. ಆ ವರ್ಷ ಈತನ ಪ್ರತಿ ಮೂರು ಎಸೆತಗಳಲ್ಲಿ ಎರಡು ಗುರಿ ಮುಟ್ಟಿದ್ದುವು.

ಆ ಪಂದ್ಯ ಮುಗಿದು ವಾರ ಕಳೆಯುವುದರೊಳಗೆ ನಿಯಮ ಸಮಿತಿ ಡಂಕನ್ನು, ಎಂದರೆ ಚೆಂಡನ್ನು ರಿಂಗಿನ ಮೇಲಿಂದ ಕೈಯಾರೆ ಒಳತುರುಕುವುದನ್ನು, ನಿಷೇಧಿಸಿತು. ಗಾಯಗಳಾಗುತ್ತವೆ, ಸಲಕರಣೆ ಮುರಿಯುತ್ತದೆ, ಅದನ್ನು ತಡೆಯುವ ಉಪಾಯ ಎದುರಾಳಿಗಿಲ್ಲ ಎಂಬುವು ಕೊಟ್ಟ ಕಾರಣಗಳು. ಡಂಕ್ ಮಾಡುವವರಲ್ಲಿ ಬಹುಮಂದಿ ಕರಿಯ ಆಟಗಾರರಾದುದರಿಂದ ಇದರಲ್ಲಿ ಭೇದಭಾವದ ವಾಸನೆಯುಂಟೆಂಬುದು ಆಲ್ಸಿಂಡರನ ಅಭಿಪ್ರಾಯವಾಗಿತ್ತು; ನಿಷೇಧಕ್ಕೆ ಜನರು ಆಲ್ಸಿಂಡರನ ಹೆಸರನ್ನೇ ಅಂಟಿಸಿದ್ದನ್ನು ನೋಡಿದರೆ ಆ ಅಭಿಪ್ರಾಯವನ್ನು ತಳ್ಳಿಹಾಕುವುದು ಸುಲಭವಲ್ಲ. ಇದರಿಂದ ನಿನ್ನ ಆಟ ಬೆಳೆಯುವುದೆಂದು ವುಡನ್ ಶಿಷ್ಯನಿಗೆ ಹೇಳಿದ್ದನು.

ಬೆಳೆದ ರೀತಿಯಾದರೋ ಹೀಗೆ. ರಿಂಗು ನೆಲದಿಂದ ಹತ್ತಡಿ ಎತ್ತರದಲ್ಲಿದೆ. ಡಂಕಿಗೆ ಆಟಗಾರ ಅದರ ಬುಡಕ್ಕೇ ನುಗ್ಗಬೇಕು. ಹುಕ್ ಶಾಟಿನಲ್ಲಿ ಆತ ಬ್ಯಾಸ್ಕೆಟ್ಟಿಗೆ ಬೆನ್ನುಮಾಡಿ ಚೆಂಡನ್ನು ಪಡೆದು, ಎಡಗಾಲನ್ನು ಊರಿ, ಎಡಭುಜ ಎದುರಾಳಿಯ ಕಡೆಗೆ ಬರುವಂತೆ ಮೈಯನ್ನು ಅಡ್ಡಲಾಗಿ ತಿರುಗಿಸಿ, ಬಲಮಂಡಿಯನ್ನು ಮೇಲಕ್ಕೆತ್ತಿ ನೆಗೆಯುತ್ತಾನೆ. ಎದುರಾಳಿಗೂ ಚೆಂಡಿಗೂ ನಡುವೆ ಆತನ ಇಡೀ ದೇಹವೇ ಗೋಡೆಯಾಗುತ್ತದೆ. ಅತ್ತ ದೂರದಲ್ಲಿ ನೀಳವಾಗಿ ಚಾಚಿದ ಬಲಗೈ ತಲೆಯ ನೇರಕ್ಕೆ ಬಂದಾಗ, ನೆಗೆತದ ಪರಮಾವಧಿಯಲ್ಲಿ, ಮಣಿಕಟ್ಟನ್ನು ಬಾಗಿಸಿ ಬೆರಳತುದಿಗಳಿಂದ ಚೆಂಡನ್ನು ಬಿಡುತ್ತಾನೆ. ಎಂಟು ಹತ್ತು ಅಡಿ ದೂರದಿಂದಲೂ ಇದು ಸಾಧ್ಯ. ಎದುರಾಳಿ ಸಮಾನ ಎತ್ತರದವನಾದರೂ ಕೈ ಎಟುಕದು. ಬಲದ ಬದಲು ಸಮತೋಲವೂ ಕಾಲನಿರ್ಣಯವೂ ಇಲ್ಲಿ ಮುಖ್ಯವಾದುದರಿಂದ, ವಯಸ್ಸಾದಂತೆ ಕುಂದದ ಅಸ್ತ್ರವಿದು. ಡಂಕ್ ನಿಷೇಧ 1976ರವರೆಗೆ ಕಾಲೇಜುಗಳಲ್ಲಿ ಉಳಿಯಿತು.

ಉಳಿದ ಎರಡು ವರ್ಷ

1968ರ ಜನವರಿ 20ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ, 52,693 ಪ್ರೇಕ್ಷಕರ ಸಮ್ಮುಖದಲ್ಲಿ, ಕಣ್ಣಿಗೆ ಪೆಟ್ಟಾಗಿದ್ದ ಸ್ಥಿತಿಯಲ್ಲಿಯೇ ಆಡಿ 15 ಅಂಕಗಳನ್ನಷ್ಟೇ ಗಳಿಸಿದನು. ಹ್ಯೂಸ್ಟನ್ ತಂಡ 71–69ರಿಂದ ಗೆದ್ದಿತು. ಎರಡು ತಿಂಗಳ ಬಳಿಕ ಅದೇ ತಂಡವನ್ನು ಯುಸಿಎಲ್‌ಎ 101–69ರಿಂದ ಸೋಲಿಸಿತು. ಆ ವರ್ಷದ ಒಲಿಂಪಿಕ್ಸ್‌ನಿಂದ ಈತ ವರ್ಣಭೇದದ ವಿರುದ್ಧ ಪ್ರತಿಭಟನಾರ್ಥ ದೂರವುಳಿದನು. ಇಸ್ಲಾಂ ಧರ್ಮವನ್ನು ಸ್ವೀಕರಿಸಿದ್ದೂ ಆಗಲೇ. 1967, 1968, 1969ರ ಪ್ರಶಸ್ತಿಗಳು ಮೂರೂ ತಂಡಕ್ಕೆ ದಕ್ಕಿದುವು. ಮೂರು ಸಲವೂ ಅಂತಿಮ ಸುತ್ತಿನ ಶ್ರೇಷ್ಠ ಆಟಗಾರನೆಂಬ ಮನ್ನಣೆ ಈತನದೇ. ಮೂರು ವರ್ಷಗಳಲ್ಲಿ 88 ಗೆಲುವು, ಎರಡು ಸೋಲು. 1969ರಲ್ಲಿ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಮೊದಲ ಸರದಿ ಯಾರದೆಂದು ನಾಣ್ಯ ಚಿಮ್ಮಿ ನಿರ್ಧರಿಸಿದಾಗ ಫೀನಿಕ್ಸ್ ಸೋತು ಮಿಲ್ವಾಕಿ ಗೆದ್ದಿತು. ಅಂತೆಯೇ ಈತ ಮಿಲ್ವಾಕಿ ಬಕ್ಸ್ ತಂಡವನ್ನು ಸೇರಿದನು.