ಜಪ್ಪುವಿನ ಹೆಂಚು, ಬಲ್ಮಠದ ಸಭೆ

1834ರ ಅಕ್ಟೋಬರ್ ಕೊನೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಜರ್ಮನ್ ಪಾದ್ರಿಗಳು ಮಂಗಳೂರಿಗೆ ಬಂದರು. ಊರಿನ ಭಾಷೆ ಕಲಿತರು, ಶಾಲೆ ತೆರೆದರು, ಪೇಟೆಯಲ್ಲಿ ನಿಂತು ಬೋಧಿಸಿದರು. ನಿಧಾನವಾಗಿ ಕೆಲವರು ದೀಕ್ಷಾಸ್ನಾನಕ್ಕೆ ಮುಂದಾದರು. ನಿಜವಾದ ಕಷ್ಟ ಶುರುವಾದದ್ದು ಆಮೇಲೆ.

ಹೊಸದಾಗಿ ಸೇರಿದವರಲ್ಲಿ ಬಿಲ್ಲವರು ಬಹಳ. ಮತ ಬಿಟ್ಟವನಿಗೆ ಕುಟುಂಬದ ಬಾಗಿಲು ಮುಚ್ಚುತ್ತಿತ್ತು, ಆಸ್ತಿಯ ಹಕ್ಕು ಕೈತಪ್ಪುತ್ತಿತ್ತು. ಜತೆಗೆ ಮೂರ್ತೆಯ ಕಸುಬನ್ನೂ ಬಿಡಬೇಕು; ಕಳ್ಳು ಇಳಿಸಿ ಮಾರುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಭಾನುವಾರ ಪ್ರಾರ್ಥನೆಗೆ ಬಂದವನು ಸೋಮವಾರ ಎಲ್ಲಿಗೆ ಕೆಲಸಕ್ಕೆ ಹೋಗಬೇಕು?

ಅಂಥವರಿಗಾಗಿ ಮಿಷನ್ ಕೈಗೊಂಡ ಬೇಸಾಯ, ಗಡಿಯಾರದ ಕೆಲಸ ಇತ್ಯಾದಿ ಪ್ರಯತ್ನಗಳು ಕೈಹಿಡಿಯಲಿಲ್ಲ. ಅಚ್ಚುಕೂಟ ಮತ್ತು ನೇಯ್ಗೆ ಕೈಹಿಡಿದವು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲಂತೂ ನೇತ್ರಾವತಿ ದಡದ ಜೇಡಿಮಣ್ಣಿಗೇ ಬೆಲೆ ಬಂತು. ಕರಾವಳಿಯ ಹಳೆಯ ಮನೆ ಕೆಡವುವಾಗ ಸಿಗುವ ಆ ಹೆಂಚನ್ನು ಕೈಗೆತ್ತಿ ನೋಡಬೇಕು: ಮಳೆನೀರು ಜಾರಲು ಉದ್ದುದ್ದ ಗೆರೆ, ಪಕ್ಕದ ಹೆಂಚಿಗೆ ಕೂಡಿಕೊಳ್ಳಲು ಅಂಚಿನಲ್ಲಿ ಹಳ್ಳ, ರೀಪಿಗೆ ಸಿಕ್ಕಿಸಲು ಮೂಗು, ಮೈಮೇಲೆ ಅಚ್ಚೊತ್ತಿದ ಮಿಷನ್ನಿನ ಹೆಸರು. ಬೇರೆ ಮತದವರೂ ಅಲ್ಲಿ ದುಡಿದರು. ನೆಲೆ ಕಳೆದುಕೊಂಡ ಕ್ರೈಸ್ತ ಕುಟುಂಬಗಳಿಗೆ ಮಾತ್ರ ಆ ಕೂಲಿಯೇ ಹೊಸ ಬದುಕು.

ಈ ಆಸರೆಗೆ ಇನ್ನೊಂದು ಮುಖವೂ ಇತ್ತು, ಅದನ್ನು ಮರೆಮಾಚಬಾರದು. ಕೂಲಿ ಕೊಡುವವರು, ಮಕ್ಕಳಿಗೆ ಪಾಠ ಹೇಳುವವರು, ತಪ್ಪಿದವನನ್ನು ಸಭೆಯಿಂದ ಹೊರಗಿಡುವವರು ಎಲ್ಲ ಒಂದೇ ಮಿಷನ್ನಿನವರು. ಅಂಥ ಕಡೆ ಎದುರಾಡುವುದು ಸುಲಭವಲ್ಲ.

ಆದರೂ ಸಭೆಯನ್ನು ನಿಜವಾಗಿ ಬೆಳೆಸಿದ್ದು ಸ್ಥಳೀಯರ ಕೈಗೆ ಸಿಕ್ಕ ಜವಾಬ್ದಾರಿ. ಮಿಷನ್ನಿನ ಪಾದ್ರಿ ಮೋಗ್ಲಿಂಗರ ಶಿಷ್ಯ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, ಬಾಸೆಲ್‌ನಲ್ಲಿ ಓದಿ, ಪಾದ್ರಿಯಾಗಿ ಹಿಂದಿರುಗಿ ಮಂಗಳೂರಿನಲ್ಲಿ ಪಾಠ ಹೇಳಿದರು. 1847ರಲ್ಲಿ ಆರಂಭವಾದ, ಅಲ್ಲಿನ ಬಲ್ಮಠದ ದೇವಜ್ಞಾನ ಶಾಲೆಯಲ್ಲಿ ಕಲಿತವರು ಹಳ್ಳಿಗಳಿಗೆ ಉಪದೇಶಿಗಳಾಗಿ ಹೋದರು. ಅದೇ ವರ್ಷ ತುಳುವಿನ ಹೊಸ ಒಡಂಬಡಿಕೆ ಅಚ್ಚಾಯಿತು. ಗದ್ದೆಯಲ್ಲಿ ಆಡುವ ಮಾತಿನಲ್ಲೇ ಪ್ರಾರ್ಥಿಸಬಹುದು ಎಂಬುದು ಆ ಜನರಿಗೆ ಸಣ್ಣ ಸಂಗತಿಯಲ್ಲ. ಜರ್ಮನ್ ರಾಗಕ್ಕೆ ಕನ್ನಡ, ತುಳು ಸಾಹಿತ್ಯ ಕೂಡಿಸಿ ಹಾಡಿದರು. ಊರೂರಿನ ಸಭೆಗೆ ಹಿರಿಯರು ನೇಮಕವಾದರು. ಜಗಳ, ಮದುವೆ, ಬಡವರ ನಿಧಿ ಇವೆಲ್ಲ ಅವರ ಮುಂದೆ ಬರುತ್ತಿದ್ದವು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟು ಆಮೇಲೆ ದೇಶದಾಚೆ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಸಂಬಳ ಕೊಡುತ್ತಿದ್ದ ಕೈಗಳು ಹೋದ ಮೇಲೂ ಸಭೆಗಳು ಚದುರಲಿಲ್ಲ. ದೇಶೀ ಪಾದ್ರಿಗಳೂ ಹಿರಿಯರೂ ಕಾಣಿಕೆ ಕೂಡಿಸಿ ಆರಾಧನೆ ನಡೆಸಿಕೊಂಡು ಬಂದರು. ಮುಂದೆ ಆ ಸಭೆಗಳು ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಬಲ್ಮಠದ ಶಾಂತಿ ಕೆಥೆಡ್ರಲ್ ಇಂದು ಅದರದೇ.