ಕೆರೆ ಕಟ್ಟಿಸಿದವರಿಂದ ಅಕ್ಷರ ದಾಸೋಹದವರೆಗೆ



ನಿಮ್ಮಲ್ಲಿ ಹಲವರು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಉದ್ಯೋಗದಲ್ಲಿದ್ದೀರಿ. ಈ ಮೂರು ಹೆಸರುಗಳನ್ನು ಕೇಳಿದೊಡನೆ ಗಾಜಿನ ಕಟ್ಟಡಗಳೂ ಕಾರ್ಖಾನೆಯ ಸೈರನ್ನುಗಳೂ ನೆನಪಾಗುವುದು ಸಹಜ. ಧರ್ಮ, ದಾನ, ದಾಸೋಹ ಎಂಬ ಮಾತುಗಳಿಗೂ ಈ ಪ್ರದೇಶಗಳಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ, ಅದು ಸಾವಿರ ವರ್ಷಗಳಷ್ಟು ಹಳೆಯದು. ಉಳ್ಳವರು ಇಲ್ಲದವರಿಗೆ ಏನನ್ನು ಕೊಡಬೇಕು, ಯಾವ ಭಾವದಿಂದ ಕೊಡಬೇಕು, ಪಡೆಯುವವನಿಗೆ ಅದರ ಮೇಲೆ ಹಕ್ಕಿದೆಯೇ ಎಂಬ ಪ್ರಶ್ನೆಗಳನ್ನು ಈ ನೆಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಬಗೆಯಲ್ಲಿ ಉತ್ತರಿಸಿದೆ. ಆ ಉತ್ತರಗಳನ್ನು ಒಂದೆಡೆ ಕೂಡಿಸಿ ನೋಡುವ ಪ್ರಯತ್ನವೇ ಈ ಲೇಖನ.

ವೈಟ್‌ಫೀಲ್ಡಿನ ಐ.ಟಿ. ಪಾರ್ಕಿನ ಪಕ್ಕದ ಊರಿನ ಹೆಸರು ಪಟ್ಟಂದೂರು ಅಗ್ರಹಾರ. ಅದಕ್ಕೆ ಸಮೀಪದ ಕಾಡುಗೋಡಿಯಲ್ಲಿ ಕ್ರಿ.ಶ. 1043ರ, ಚೋಳರ ಕಾಲದ ತಮಿಳು ಶಾಸನವೊಂದಿದೆ. ರಾಜರಾಜ ವೇಲನ್ ಎಂಬ ಚೋಳ ಅಧಿಕಾರಿಯು ಪಟ್ಟಂದೂರಿನ ದೊಡ್ಡ ಕೆರೆಯನ್ನು ಕಟ್ಟಿಸಿ, ತೂಬುಗಳನ್ನಿಡಿಸಿ, ದುರ್ಗೆ, ಗಣಪತಿ ಹಾಗೂ ಕ್ಷೇತ್ರಪಾಲರ ಗುಡಿಗಳನ್ನು ಮಾಡಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಕೆರೆಯೂ ಗುಡಿಯೂ ಒಂದೇ ಶಾಸನದಲ್ಲಿ ಬಂದಿರುವುದು ಆಕಸ್ಮಿಕವಲ್ಲ. ಕೆರೆ ಕಟ್ಟಿಸುವುದನ್ನು ನಮ್ಮ ಪೂರ್ವಿಕರು ಸಪ್ತಸಂತಾನಗಳಲ್ಲೊಂದೆಂದು ಎಣಿಸಿದ್ದರು. ಮಗನು ವಂಶವನ್ನು ಉಳಿಸುವಂತೆ ಕೆರೆಯು ಕಟ್ಟಿಸಿದವನ ಹೆಸರನ್ನು ಉಳಿಸುತ್ತದೆ ಎಂಬುದು ಅದರ ಅರ್ಥ. ಇಂದು ನಾವು ನೀರಾವರಿ ಇಲಾಖೆಯ ಕೆಲಸವೆನ್ನುವುದು ಅಂದು ಪುಣ್ಯಕಾರ್ಯವಾಗಿತ್ತು. ಜೈನರು ಇದೇ ಭಾವನೆಯನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಾಗಿ ವಿಂಗಡಿಸಿದರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿಯೆಂದು ಕರೆಯಿತು.

ಆದರೆ ಈ ಪುಣ್ಯಕ್ಕೆ ಒಂದು ಮಿತಿಯಿತ್ತು. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಮಣ್ಣು ಹೊತ್ತವರ ಹೆಸರು ಉಳಿಯಲಿಲ್ಲ. ಅನೇಕ ಊರುಗಳಲ್ಲಿ ಆ ಮಣ್ಣು ಹೊತ್ತವರ ಮಕ್ಕಳೇ ಕೆರೆಯ ನೀರನ್ನು ಮುಟ್ಟುವಂತಿರಲಿಲ್ಲ. ಸಾರ್ವಜನಿಕ ಕೆರೆಯ ನೀರನ್ನು ಕುಡಿಯುವ ಸಲುವಾಗಿಯೇ 1927ರಲ್ಲಿ ಡಾ. ಅಂಬೇಡ್ಕರರು ಮಹಾಡದಲ್ಲಿ ಸತ್ಯಾಗ್ರಹ ಹೂಡಬೇಕಾಯಿತೆಂಬುದನ್ನು ಮರೆಯಬಾರದು. ದಾನವು ಕೊಡುವವನ ಪುಣ್ಯದ ಲೆಕ್ಕವಾಗಿರುವವರೆಗೆ, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ನಿರ್ಧಾರವೂ ಕೊಡುವವನದ್ದೇ ಆಗಿರುತ್ತದೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಹನ್ನೆರಡನೆಯ ಶತಮಾನದ ಶರಣರು. ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಅವರು ಜೋಡಿಯಾಗಿಯೇ ಬಳಸಿದರು. ದುಡಿಯದೆ ಉಣ್ಣುವ ಅಧಿಕಾರ ಗುರುವಿಗೂ ಇಲ್ಲ, ಜಂಗಮನಿಗೂ ಇಲ್ಲ. ದುಡಿದದ್ದರಲ್ಲಿ ತನಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಸಮಾಜಕ್ಕೆ ಒಪ್ಪಿಸಬೇಕು. ದಾಸೋಹವೆಂಬ ಮಾತು ‘ನಾನು ದಾಸನು’ ಎಂಬ ಅರ್ಥದಿಂದ ಬಂದುದು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಸೇವಕ, ಉಣ್ಣುವವನು ಒಡೆಯ. ಮುಂದಿನ ಮಾತುಗಳಿಗೆ ಇದೇ ಆಧಾರವಾದುದರಿಂದ ಈ ವ್ಯತ್ಯಾಸವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ತರಗತಿಯಲ್ಲಿ ನಿಮಗೆ ಹೇಳಿದ್ದುಂಟು. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ. ಅಗತ್ಯಕ್ಕೆ ಮೀರಿದ್ದು ಆಸೆಯ ಗುರುತು, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಡತನದ ಬಗೆಗೆ ಮಾತನಾಡುವವರು ಬಹಳ ಮಂದಿ. ಬಡ ಗೃಹಿಣಿಯೊಬ್ಬಳು ಸಂಪತ್ತಿನ ಮಿತಿಯ ಬಗೆಗೆ ಮಾತನಾಡಿದ ಪ್ರಸಂಗ ಲೋಕದ ಧರ್ಮಚರಿತ್ರೆಯಲ್ಲಿ ವಿರಳವೆಂದೇ ನನ್ನ ಭಾವನೆ.

ಉಳಿದ ಧರ್ಮಗಳೂ ಇದೇ ದಿಕ್ಕಿನಲ್ಲಿ ಯೋಚಿಸಿವೆ. ಇಸ್ಲಾಮಿನಲ್ಲಿ ಝಕಾತ್ ಐಚ್ಛಿಕವಲ್ಲ, ಅದು ಐದು ಸ್ತಂಭಗಳಲ್ಲೊಂದು. ನಿಗದಿತ ಮಿತಿಗಿಂತ ಹೆಚ್ಚಿನ ಉಳಿತಾಯ ಒಂದು ವರ್ಷ ಕೈಯಲ್ಲಿದ್ದರೆ ಅದರ ಶೇಕಡಾ ಎರಡೂವರೆ ಭಾಗ ಕೊಡಲೇಬೇಕು. ಉಳ್ಳವರ ಸಂಪತ್ತಿನಲ್ಲಿ ಇಲ್ಲದವರಿಗೆ ಹಕ್ಕಿದೆಯೆಂಬುದು ಅದರ ಹಿಂದಿನ ತತ್ತ್ವ. ಕ್ರೈಸ್ತರಲ್ಲಿ ದಶಮಾಂಶದ ಪದ್ಧತಿಯಿತ್ತು. ಯೂರೋಪಿನಲ್ಲಿ ಕಾರ್ಖಾನೆಗಳು ಬೆಳೆದ ಮೇಲೆ 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ಪತ್ರವು ಕೂಲಿಯವನಿಗೆ ಸಂಸಾರ ಸಾಗುವಷ್ಟು ನ್ಯಾಯವಾದ ವೇತನ ಸಿಗಬೇಕೆಂದಿತು, ಸಂಘ ಕಟ್ಟಿಕೊಳ್ಳುವ ಹಕ್ಕು ಅವನಿಗಿದೆಯೆಂದಿತು. ಡಾ. ಅಂಬೇಡ್ಕರರು 1954ರ ರೇಡಿಯೋ ಭಾಷಣದಲ್ಲಿ ತಮ್ಮ ಸ್ವಾತಂತ್ರ್ಯ, ಸಮಾನತೆ, ಬಂಧುತ್ವದ ತತ್ತ್ವಗಳನ್ನು ಫ್ರಾನ್ಸಿನ ಕ್ರಾಂತಿಯಿಂದಲ್ಲ, ಬುದ್ಧನ ಬೋಧನೆಯಿಂದ ಪಡೆದುದಾಗಿ ತಿಳಿಸಿದರು.

ಈಗ ಮರಳಿ ನಮ್ಮ ಊರುಗಳಿಗೆ ಬರೋಣ. ವೈಟ್‌ಫೀಲ್ಡ್ ಎಂಬ ಊರು ಹುಟ್ಟಿದ್ದೇ ಒಂದು ಕಲ್ಯಾಣ ಯೋಜನೆಯಾಗಿ ಎಂಬುದು ಅಲ್ಲಿ ದುಡಿಯುವ ಎಷ್ಟು ಮಂದಿಗೆ ಗೊತ್ತಿದೆಯೋ! 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3900 ಎಕರೆ ಭೂಮಿಯನ್ನು ಕೊಟ್ಟರು. ಉದ್ಯೋಗ ಸಿಗದೆ ಕಂಗೆಟ್ಟಿದ್ದ ಆ ಸಮುದಾಯದವರು ವ್ಯವಸಾಯ ಮಾಡಿ ಸ್ವಂತ ಕಾಲಮೇಲೆ ನಿಲ್ಲಲೆಂಬುದು ಉದ್ದೇಶ. ಸಂಘದ ಮುಂದಾಳು ಡಿ.ಎಸ್. ವೈಟ್ ಅವರ ಹೆಸರೇ ಊರಿಗಾಯಿತು. ಅದೇ ಊರಿನಲ್ಲಿ 1963ರಲ್ಲಿ ರೆವರೆಂಡ್ ಎಂ.ಎ. ಥಾಮಸ್ ಅವರು ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಸ್ಥಾಪಿಸಿದರು. 2001ರಲ್ಲಿ, ರಾಜ್ಯ ಸರಕಾರ ಕೊಟ್ಟ ಭೂಮಿಯಲ್ಲಿ, ಶ್ರೀ ಸತ್ಯಸಾಯಿ ಸಂಸ್ಥೆಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಆರಂಭವಾಯಿತು. ಹೃದಯ ಮತ್ತು ನರರೋಗಗಳ ಶಸ್ತ್ರಚಿಕಿತ್ಸೆಯನ್ನು ಜಾತಿ ಮತ ಕೇಳದೆ, ಬಿಲ್ಲನ್ನೇ ಕೊಡದೆ ಮಾಡುವ ಈ ಆಸ್ಪತ್ರೆಯ ಸುತ್ತಲೂ ಇರುವುದು ದುಬಾರಿ ಬೆಂಗಳೂರು. ಬಡವನಿಗೆ ಅದು ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ.

ನಗರದ ಇನ್ನೊಂದು ತುದಿಯಲ್ಲಿ ಪೀಣ್ಯವಿದೆ. ಅಲ್ಲಿಯೂ ಕೂಲಿಕಾರರು ಬಿಲ್ಲಿಲ್ಲದೆ ಚಿಕಿತ್ಸೆ ಪಡೆಯುವ ಆಸ್ಪತ್ರೆಯೊಂದಿದೆ, ಇ.ಎಸ್.ಐ. ಆಸ್ಪತ್ರೆ. ಅದರ ಮೂಲ 1948ರ ಕಾನೂನು. 2019ರ ಜುಲೈಯಿಂದ ಕಾರ್ಮಿಕನ ಸಂಬಳದಿಂದ ಶೇಕಡಾ 0.75, ಮಾಲೀಕನಿಂದ ಶೇಕಡಾ 3.25 ವಂತಿಗೆ ಎಂದು ಗೊತ್ತುಪಡಿಸಲಾಯಿತು. ಒಂದೆಡೆ ಭಕ್ತರ ಕಾಣಿಕೆ, ಇನ್ನೊಂದೆಡೆ ಕಾನೂನಿನ ವಂತಿಗೆ. ಇ.ಎಸ್.ಐ. ಆಸ್ಪತ್ರೆಯ ಸರತಿ ಸಾಲು, ಔಷಧಿಯ ಅಭಾವಗಳ ಬಗೆಗೆ ದೂರುವವರಿದ್ದಾರೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅಲ್ಲಿ ದೂರುವುದಕ್ಕೆ ಅವಕಾಶವಿದೆ. ಕಾಣಿಕೆಯ ಆಸ್ಪತ್ರೆಯಲ್ಲಿ ಕೈಮುಗಿಯಬಹುದು, ವಂತಿಗೆಯ ಆಸ್ಪತ್ರೆಯಲ್ಲಿ ಲೆಕ್ಕ ಕೇಳಬಹುದು. ಒಂದು ಸಮಾಜಕ್ಕೆ ಎರಡೂ ಬೇಕು.

ಪೀಣ್ಯದಿಂದ ತುಮಕೂರು ರಸ್ತೆಯನ್ನೇ ಹಿಡಿದು ಹೋದರೆ ಸಿದ್ಧಗಂಗೆ. 1941ರಲ್ಲಿ ಮಠದ ಹೊಣೆ ಹೊತ್ತು 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದ ಬಗೆ ನಿಮಗೆಲ್ಲ ತಿಳಿದದ್ದೇ. ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ರೈತರು ತಮ್ಮ ಹೊಲದ ರಾಗಿಯನ್ನು ತಂದು ಮಠಕ್ಕೆ ಸುರಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ್ದರು. 1966ರಲ್ಲಿ ಡಾ. ಮುಮ್ತಾಜ್ ಅಹಮದ್ ಖಾನ್ ಅವರು ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸರಕಾರ ಹೋಗದ ಕಡೆಗೆ ಧರ್ಮದ ಪ್ರೇರಣೆ ಹೋಗಿತ್ತೆಂಬುದಕ್ಕೆ ಇವು ಸಾಕ್ಷಿ.

ಶಾಲಾ ಮಾಸ್ತರನಾಗಿ ನಾನು ಹತ್ತಿರದಿಂದ ಕಂಡದ್ದು ಬಿಸಿಯೂಟದ ಚರಿತ್ರೆ. 1995ರಲ್ಲಿ ಕೇಂದ್ರದ ಯೋಜನೆ ಬಂದಾಗ, ಶೇಕಡಾ 80 ಹಾಜರಾತಿಯಿದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೋ ಅಕ್ಕಿ ಕೊಡುವ ಪದ್ಧತಿಯಿತ್ತು. ಹಾಜರಿ ಪುಸ್ತಕವೇ ರೇಷನ್ ಕಾರ್ಡಿನಂತಾಗಿ, ತಿಂಗಳ ಕೊನೆಗೆ ತಾಯಂದಿರು ಚೀಲ ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಜ್ವರ ಬಂದು ಮಲಗಿದ ಮಗುವಿಗೆ ಹಾಜರಿಯೂ ತಪ್ಪುತ್ತಿತ್ತು, ಅಕ್ಕಿಯೂ ತಪ್ಪುತ್ತಿತ್ತು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ನಮ್ಮಲ್ಲಿ 2002ರ ಜೂನ್‌ನಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ರಾಜ್ಯದ ಉಳಿದ ಕಡೆಗೂ ಬಂತು. ಅದಕ್ಕೆ ಸರಕಾರ ಇಟ್ಟ ಹೆಸರು ‘ಅಕ್ಷರ ದಾಸೋಹ’. ಕಲ್ಯಾಣದ ಶರಣರ ಮಾತು ಸರಕಾರಿ ಸುತ್ತೋಲೆಯೊಳಗೆ ಬಂದು ಕುಳಿತದ್ದು ಸಾಮಾನ್ಯ ಸಂಗತಿಯಲ್ಲ. ಮಠದ ದಾಸೋಹ ಕೃಪೆಯಿಂದ ನಡೆಯುವುದು. ಶಾಲೆಯ ದಾಸೋಹ ನ್ಯಾಯಾಲಯದ ಆದೇಶದಿಂದ ನಡೆಯುವುದು. ಆ ಅನ್ನ ತೆರಿಗೆ ಕೊಡುವ ಎಲ್ಲರದು.

ಇದಕ್ಕೆ ಮುನ್ನವೇ, 2000ದಲ್ಲಿ, ಬೆಂಗಳೂರಿನ ಇಸ್ಕಾನ್ ಸಂಸ್ಥೆ ಐದು ಸರಕಾರಿ ಶಾಲೆಗಳ 1500 ಮಕ್ಕಳಿಗೆ ಊಟ ನೀಡಿ ‘ಅಕ್ಷಯ ಪಾತ್ರೆ’ಯನ್ನು ಆರಂಭಿಸಿತ್ತು. ಮುಂದೆ ಅದು ಸರಕಾರದ ಅನುದಾನದೊಡನೆ ದೇಶದ ಹಲವು ರಾಜ್ಯಗಳಿಗೆ ಹಬ್ಬಿತು. ಆ ಅಡುಗೆಮನೆಗಳ ಶುಚಿತ್ವ, ಶಿಸ್ತುಗಳನ್ನು ಮೆಚ್ಚದವರಿಲ್ಲ. ಆದರೆ ಅವರ ಸಂಪ್ರದಾಯದಂತೆ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ. 2018-19ರಲ್ಲಿ ಇದು ದೊಡ್ಡ ಚರ್ಚೆಯಾಯಿತು. ರುಚಿಯಿಲ್ಲವೆಂದು ಮಕ್ಕಳು ಊಟ ಬಿಡುತ್ತಾರೆ ಎಂದರು ಟೀಕಾಕಾರರು. ಊಟ ಪೌಷ್ಟಿಕತೆಯ ನಿಯಮಕ್ಕೆ ಸರಿಯಾಗಿದೆ ಎಂದಿತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆದರೂ ಯೋಜನೆ ಬೆಳೆಯಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಮೂರು ವರ್ಷಗಳಿಗೆ ಸುಮಾರು 1500 ಕೋಟಿ ರೂಪಾಯಿ ಕೊಡಲೊಪ್ಪಿ, ವಾರದ ಆರು ದಿನವೂ ಮೊಟ್ಟೆ ಕೊಡುವ ವ್ಯವಸ್ಥೆಯಾಯಿತು. ಬೆಂಗಳೂರಿನ ಐ.ಟಿ. ಉದ್ಯಮದ ಸಂಪತ್ತು ಹೀಗೆ ಹಳ್ಳಿಯ ಮಗುವಿನ ತಟ್ಟೆಗೆ ತಲುಪಿತು.

ಮಠಾಧೀಶರ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಒಂದೇ ಪಂಕ್ತಿಯಲ್ಲಿ ಕುಳಿತ ಮಕ್ಕಳ ನಡುವೆ ತಿನ್ನುವವರು, ತಿನ್ನದವರು ಎಂಬ ಭೇದ ಹುಟ್ಟಬಾರದೆಂಬುದೂ ಅವರ ವಾದದ ಒಂದು ಅಂಶವಾಗಿತ್ತು. ಆದರೂ ನನ್ನ ನಿಲುವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ದಾಸೋಹದ ತತ್ತ್ವದಲ್ಲಿ ಬಡಿಸುವವನು ದಾಸನಾದರೆ, ಉಣ್ಣುವವನ ಹಸಿವು ಏನನ್ನು ಕೇಳುತ್ತದೆಂಬುದೇ ಮುಖ್ಯವಾಗಬೇಕು. ತನ್ನ ಮನೆಯಲ್ಲಿ ಮೊಟ್ಟೆ ತಿನ್ನುವ ಮಗುವಿಗೆ, ಬಡಿಸುವವನ ವ್ರತದ ಕಾರಣಕ್ಕೆ ಅದನ್ನು ತಪ್ಪಿಸಿದರೆ, ಅದು ದಾಸೋಹವಾಗಿ ಉಳಿಯದು. ಹಳೆಯ ದಾನವೇ ಹೊಸ ಹೆಸರಿನಲ್ಲಿ ಬಂದಂತಾಗುತ್ತದೆ. ಒಲ್ಲದ ಮಗುವಿನ ತಟ್ಟೆಗೆ ಮೊಟ್ಟೆ ಬೀಳಬಾರದೆಂಬುದೂ ಇದೇ ತತ್ತ್ವದಿಂದಲೇ ಹೊರಡುವ ಮಾತು. ಅಡುಗೆ ಮಾಡುವಾಕೆ ದಲಿತ ಹೆಣ್ಣುಮಗಳೆಂಬ ಕಾರಣಕ್ಕೆ ಮಕ್ಕಳನ್ನು ಪಂಕ್ತಿಯಿಂದ ಎಬ್ಬಿಸಿಕೊಂಡು ಹೋದ ಊರುಗಳೂ ನಮ್ಮ ನಾಡಿನಲ್ಲಿವೆ. ಶರಣರ ಹೆಸರನ್ನು ಯೋಜನೆಗೆ ಇಟ್ಟಷ್ಟು ಸುಲಭವಾಗಿ ಅವರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ನಮಗೆ ಆಗಿಲ್ಲ.

ಅನ್ನದ ಮಾತಾಯಿತು, ಇನ್ನು ಕಾಯಕದ ಮಾತು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಭವಿಷ್ಯನಿಧಿಯ ನಿಯಮವನ್ನು ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದಿತು. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆ, ಪೀಣ್ಯಗಳಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಮಗಳ ಮದುವೆಗೆ, ಮಗನ ಫೀಜಿಗೆ, ಕೈಸಾಲ ತೀರಿಸುವುದಕ್ಕೆ ಅವರು ನೆಚ್ಚಿದ್ದುದು ಆ ಹಣವನ್ನೇ. ಕಲ್ಲು ತೂರಾಟ, ಬಸ್ಸುಗಳಿಗೆ ಬೆಂಕಿ, ಲಾಠಿ ಎಲ್ಲವೂ ಆದವು. ಆ ಹಿಂಸೆಯನ್ನು ಯಾರೂ ಸಮರ್ಥಿಸರು. ಆದರೆ 19ರಂದೇ ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹೆಣ್ಣುಮಕ್ಕಳು ಯಾರ ದಾನವನ್ನೂ ಬೇಡಿರಲಿಲ್ಲ. ತಮ್ಮ ಕಾಯಕದ ಫಲವನ್ನು ತಮ್ಮ ಕೈಗೆ ಕೊಡಿರೆಂದು ಕೇಳಿದ್ದರು. ಕಾಯಕವನ್ನು ಹೊಗಳುವ ನಾವು ಕಾಯಕದವರ ಕೂಲಿಯನ್ನು ಮರೆತರೆ ಆ ಹೊಗಳಿಕೆಗೆ ಬೆಲೆಯೆಲ್ಲಿಯದು?

2013ರ ಕಂಪನಿ ಕಾಯಿದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ ಎರಡರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ನಿಮ್ಮಲ್ಲಿ ಕೆಲವರು ಆ ವಿಭಾಗದಲ್ಲೇ ಕೆಲಸ ಮಾಡುತ್ತಿರುವಿರೆಂದು ಬಲ್ಲೆ. ಶಾಲೆಗೆ ಬೆಂಚು ಕೊಡಿಸಿ, ಕೆರೆಯ ಹೂಳೆತ್ತಿಸಿ, ಸಂತೋಷ. ಫಲಕದ ಮೇಲೆ ಕಂಪನಿಯ ಹೆಸರನ್ನು ಬರೆಸುವಾಗ ಪಟ್ಟಂದೂರಿನ ಕೆರೆಯನ್ನೂ, ಅದರ ಮಣ್ಣು ಹೊತ್ತ ಹೆಸರಿಲ್ಲದವರನ್ನೂ ಒಮ್ಮೆ ನೆನೆಯಿರಿ. ನಿಮ್ಮ ಕಚೇರಿಯ ಗೇಟಿನಲ್ಲಿ ನಿಲ್ಲುವ ಕಾವಲುಗಾರನಿಗೂ ನೆಲ ಒರೆಸುವ ತಾಯಿಗೂ ಭವಿಷ್ಯನಿಧಿ, ಇ.ಎಸ್.ಐ. ಸರಿಯಾಗಿ ಸಲ್ಲುತ್ತಿದೆಯೇ ಎಂದು ವಿಚಾರಿಸಿ. ಗುತ್ತಿಗೆದಾರನ ಕಡೆಗೆ ಕೈ ತೋರಿಸಿ ಸುಮ್ಮನಾಗಬೇಡಿ. ಶರಣರ ಕ್ರಮದಲ್ಲಿ ಕಾಯಕ ಮೊದಲು, ದಾಸೋಹ ಆಮೇಲೆ. ದುಡಿದವರಿಗೆ ಸಲ್ಲಬೇಕಾದುದನ್ನು ಮೊದಲು ಸಲ್ಲಿಸಿ, ಮಿಕ್ಕುದರಲ್ಲಿ ದಾಸೋಹ ನಡೆಯಲಿ.

ನಿಮ್ಮ ಅಭಿಪ್ರಾಯಗಳನ್ನು ಬರೆದು ತಿಳಿಸಿ. ಒಪ್ಪದವರ ಪತ್ರಗಳಿಗೂ ಸ್ವಾಗತವಿದೆ.