ಇಂಗ್ಲಿಷ್‌ನ ಹೇಳಿಕೆ ಮತ್ತು ಆಕ್ಷೇಪ ಸೂಚಕ ಕ್ರಿಯಾಪದಗಳು

ಹೇಳಿಕೆ ಮತ್ತು ಆಕ್ಷೇಪ ಸೂಚಕ ಕ್ರಿಯಾಪದಗಳು ಎಂದರೆ ಇಂಗ್ಲಿಷ್ ಭಾಷೆಯಲ್ಲಿ ಒಬ್ಬರ ಮಾತು, ಅಭಿಪ್ರಾಯ ಅಥವಾ ವಿರೋಧವನ್ನು ತಿಳಿಸಲು ಬಳಸುವ ಕ್ರಿಯಾಪದಗಳು. ವ್ಯಾಕರಣ ಗ್ರಂಥಗಳಲ್ಲಿ ಇವನ್ನು ‘ರಿಪೋರ್ಟಿಂಗ್ ವರ್ಬ್ಸ್’ ಎಂಬ ಗುಂಪಿಗೆ ಸೇರಿಸಲಾಗಿದೆ. ‘ಸೇ’, ‘ಟೆಲ್’, ‘ಸ್ಟೇಟ್’, ‘ಕ್ಲೇಮ್’, ‘ಅಸರ್ಟ್’, ‘ಅಲೆಜ್’, ‘ಆರ್ಗ್ಯೂ’, ‘ಮೇನ್‌ಟೇನ್’ ಮುಂತಾದವು ಹೇಳಿಕೆಗೆ ಸಂಬಂಧಿಸಿದವು. ‘ಅಬ್ಜೆಕ್ಟ್’, ‘ಪ್ರೊಟೆಸ್ಟ್’, ‘ಅಪೋಸ್’, ‘ಡಿನೈ’, ‘ರಿಫ್ಯೂಟ್’, ‘ಡಿಮರ್’ ಮುಂತಾದವು ಆಕ್ಷೇಪಕ್ಕೆ ಸಂಬಂಧಿಸಿದವು. ನಿಘಂಟಿನಲ್ಲಿ ಇವುಗಳ ಅರ್ಥ ಹತ್ತಿರ ಹತ್ತಿರವಾಗಿ ಕಂಡರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯದ ತಾತ್ಪರ್ಯವೇ ಬದಲಾಗಬಹುದು.

ಅರ್ಥಭೇದದ ಆಧಾರ

‘ಗುತ್ತಿಗೆದಾರನು ಕೆಲಸ ಮುಗಿದಿದೆ ಎಂದನು’ ಎಂಬ ಸಂಗತಿಯನ್ನು ಉದಾಹರಣೆಯಾಗಿ ನೋಡಬಹುದು. ಇಲ್ಲಿ ‘ಸೇ’ ಬಳಸಿದರೆ ಮಾತನ್ನು ಇದ್ದಂತೆ ತಿಳಿಸಿದಂತಾಗುತ್ತದೆ. ‘ಕ್ಲೇಮ್’ ಬಳಸಿದರೆ ಬರೆಯುವವರಿಗೆ ಆ ಮಾತಿನಲ್ಲಿ ಪೂರ್ಣ ನಂಬಿಕೆಯಿಲ್ಲ ಎಂಬ ಧ್ವನಿ ಬರುತ್ತದೆ. ‘ಪಾಯಿಂಟ್ ಔಟ್’ ಬಳಸಿದರೆ ಕೆಲಸ ನಿಜವಾಗಿಯೂ ಮುಗಿದಿದೆ ಎಂದು ಬರೆಯುವವರೇ ಒಪ್ಪಿಕೊಂಡಂತಾಗುತ್ತದೆ. ‘ಇನ್ಸಿಸ್ಟ್’ ಬಳಸಿದರೆ ಯಾರೋ ಅದನ್ನು ಪ್ರಶ್ನಿಸಿದ್ದಾರೆ, ಆದರೂ ಆತ ಪಟ್ಟು ಬಿಟ್ಟಿಲ್ಲ ಎಂಬುದು ತಿಳಿಯುತ್ತದೆ. ಹೇಳಿದ ಮಾತು ಒಂದೇ. ಕ್ರಿಯಾಪದದ ಮೂಲಕ ಓದುಗರಿಗೆ ತಲುಪುವ ತೀರ್ಪು ಬೇರೆ ಬೇರೆ.

ಈ ಭೇದವನ್ನು ಭಾಷಾವಿಜ್ಞಾನಿಗಳೂ ತತ್ತ್ವಶಾಸ್ತ್ರಜ್ಞರೂ ಅಧ್ಯಯನ ಮಾಡಿದ್ದಾರೆ. ಪಾಲ್ ಕಿಪಾರ್ಸ್ಕಿ ಮತ್ತು ಕ್ಯಾರಲ್ ಕಿಪಾರ್ಸ್ಕಿ 1970ರಲ್ಲಿ ಪ್ರಕಟವಾದ ‘ಫ್ಯಾಕ್ಟ್’ ಎಂಬ ಲೇಖನದಲ್ಲಿ, ತಮ್ಮೊಳಗಿನ ಉಪವಾಕ್ಯವನ್ನು ಸತ್ಯವೆಂದು ಗೃಹೀತ ಹಿಡಿಯುವ ಕ್ರಿಯಾಪದಗಳನ್ನೂ ಹಾಗೆ ಹಿಡಿಯದ ಕ್ರಿಯಾಪದಗಳನ್ನೂ ಬೇರ್ಪಡಿಸಿದರು. ‘ಕ್ಲೇಮ್’, ‘ಅಸರ್ಟ್’, ‘ಅಲೆಜ್’, ‘ಮೇನ್‌ಟೇನ್’ ಇವು ಎರಡನೆಯ ವರ್ಗಕ್ಕೆ ಸೇರುತ್ತವೆ. ಇದಕ್ಕೂ ಮೊದಲು ಬ್ರಿಟಿಷ್ ತತ್ತ್ವಜ್ಞ ಜೆ. ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಮಾತನಾಡುವುದೂ ಒಂದು ಕ್ರಿಯೆಯೇ ಎಂದು ಪ್ರತಿಪಾದಿಸಿದ್ದರು. ಆ ಉಪನ್ಯಾಸಗಳು ಅವರ ನಿಧನಾನಂತರ 1962ರಲ್ಲಿ ಪುಸ್ತಕವಾಗಿ ಬಂದವು. ಪ್ರತಿಪಾದಿಸುವುದು, ನಿರಾಕರಿಸುವುದು, ಆಕ್ಷೇಪಿಸುವುದು ಇವನ್ನು ಅವರು ‘ಎಕ್ಸ್‌ಪೊಸಿಟಿವ್ಸ್’ ಎಂಬ ಒಂದೇ ವರ್ಗದಲ್ಲಿ ಇರಿಸಿದ್ದಾರೆ.

ಹೇಳಿಕೆ ಸೂಚಕ ಕ್ರಿಯಾಪದಗಳು

ಸೇ ಮತ್ತು ಟೆಲ್: ಇವೆರಡೂ ಹಳೆಯ ಇಂಗ್ಲಿಷ್‌ನಿಂದ ಬಂದ ಪದಗಳು. ‘ಸೇ’ ಎಂಬುದು ಆಡಿದ ಮಾತಿನ ಕಡೆಗೂ ‘ಟೆಲ್’ ಎಂಬುದು ಕೇಳುವವರ ಕಡೆಗೂ ಗಮನ ಕೊಡುತ್ತದೆ. ‘ಟೆಲ್’ ಪದದ ಮೂಲಾರ್ಥಗಳಲ್ಲಿ ‘ಎಣಿಸು’ ಎಂಬುದೂ ಒಂದು. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವವರನ್ನು ‘ಟೆಲ್ಲರ್’ ಎನ್ನುವುದು ಈ ಕಾರಣದಿಂದಲೇ.

ಸ್ಟೇಟ್: ವಿಷಯವನ್ನು ಸ್ಪಷ್ಟವಾಗಿ, ಔಪಚಾರಿಕವಾಗಿ ನಿರೂಪಿಸುವುದು. ಅರ್ಜಿ, ಕಾಯಿದೆ, ಪ್ರಕಟಣೆಗಳ ಸಂದರ್ಭಕ್ಕೆ ಇದು ಯೋಗ್ಯ. ಮನೆಮಾತಿನಲ್ಲಿ ಇದನ್ನು ಬಳಸಿದರೆ ಕೃತಕವೆನಿಸುತ್ತದೆ.

ಕ್ಲೇಮ್: ‘ಕೂಗು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದಿದೆ. ಪುರಾವೆಯಿನ್ನೂ ಒದಗದ ಮಾತನ್ನು ಸತ್ಯವೆಂದು ಸಾರುವುದು ಇದರ ಅರ್ಥ. ಹಕ್ಕು ಕೇಳುವುದಕ್ಕೂ ಇದೇ ಪದ ಸಲ್ಲುತ್ತದೆ.

ಅಸರ್ಟ್: ಸಂಶಯಕ್ಕೆ ಎಡೆಯಿಲ್ಲದಂತೆ ದೃಢವಾಗಿ ಹೇಳುವುದು. ಕಾರಣ ಕೊಡಲೇಬೇಕೆಂದಿಲ್ಲ.

ಆರ್ಗ್ಯೂ ಮತ್ತು ಕಂಟೆಂಡ್: ‘ಆರ್ಗ್ಯೂ’ ಎಂದರೆ ಕಾರಣಗಳನ್ನು ಮುಂದಿಟ್ಟು ವಾದಿಸುವುದು. ‘ಕಂಟೆಂಡ್’ ಎಂಬುದರಲ್ಲಿ ಎದುರು ಪಕ್ಷವೊಂದಿದೆ ಎಂಬ ಸೂಚನೆ ಇರುತ್ತದೆ.

ಮೇನ್‌ಟೇನ್ ಮತ್ತು ಇನ್ಸಿಸ್ಟ್: ‘ಮೇನ್‌ಟೇನ್’ ಪದದ ಲ್ಯಾಟಿನ್ ಮೂಲಕ್ಕೆ ‘ಕೈಯಲ್ಲಿ ಹಿಡಿ’ ಎಂದೂ ‘ಇನ್ಸಿಸ್ಟ್’ ಪದದ ಮೂಲಕ್ಕೆ ‘ಮೇಲೆ ನಿಲ್ಲು’ ಎಂದೂ ಅರ್ಥ. ಮೊದಲನೆಯದು ಹಿಂದಿನಿಂದ ಹೇಳುತ್ತಾ ಬಂದ ನಿಲುವನ್ನು ಬಿಡದಿರುವುದು, ಎರಡನೆಯದು ವಿರೋಧದ ನಡುವೆಯೂ ಹಟ ಹಿಡಿಯುವುದು.

ಅಲೆಜ್: ತಪ್ಪು ಅಥವಾ ಅಪರಾಧವನ್ನು, ಅದಿನ್ನೂ ಸಾಬೀತಾಗದಿರುವಾಗ, ಒಬ್ಬರ ಮೇಲೆ ಹೊರಿಸುವುದು. ಒಳ್ಳೆಯ ಕೆಲಸದ ವಿಷಯದಲ್ಲಿ ಇದು ಸಾಮಾನ್ಯವಾಗಿ ಸಲ್ಲದು.

ಅಡ್ಮಿಟ್: ತನಗೆ ಪ್ರತಿಕೂಲವಾದ ಸಂಗತಿಯನ್ನು ಒಪ್ಪಿಕೊಳ್ಳುವುದು. ಯಾವುದೇ ತಪ್ಪಿಲ್ಲದ ಕಡೆ ಈ ಪದವನ್ನು ಬಳಸಿದರೆ ಇಲ್ಲದ ತಪ್ಪನ್ನು ಆರೋಪಿಸಿದಂತಾಗುತ್ತದೆ.

ಆಕ್ಷೇಪ ಸೂಚಕ ಕ್ರಿಯಾಪದಗಳು

ಅಬ್ಜೆಕ್ಟ್: ‘ಎದುರಿಗೆ ಎಸೆ’ ಎಂಬುದು ಲ್ಯಾಟಿನ್ ಮೂಲದ ಅರ್ಥ. ಒಂದು ಪ್ರಸ್ತಾಪ ಅಥವಾ ಕ್ರಮ ತನಗೆ ಸಮ್ಮತವಲ್ಲ ಎಂದು ಮಾತಿನಲ್ಲಿ ತಿಳಿಸುವುದು.

ಅಪೋಸ್: ಮಾತಿನಲ್ಲಷ್ಟೇ ಅಲ್ಲದೆ ನಿಲುವು ಅಥವಾ ಕ್ರಿಯೆಯಿಂದಲೂ ವಿರೋಧಿಸುವುದು. ಸಭೆಯಲ್ಲಿ ಒಂದು ಮಾತು ಆಡದೆ ವಿರುದ್ಧವಾಗಿ ಮತ ಹಾಕಿದವರೂ ‘ಅಪೋಸ್’ ಮಾಡಿದವರೇ.

ಪ್ರೊಟೆಸ್ಟ್: ತೀವ್ರವಾದ, ಹಲವು ವೇಳೆ ಬಹಿರಂಗವಾದ ಪ್ರತಿಭಟನೆ. ಇದರ ಲ್ಯಾಟಿನ್ ಮೂಲಾರ್ಥ ಬಹಿರಂಗವಾಗಿ ಘೋಷಿಸುವುದು. ಆದ್ದರಿಂದಲೇ ತಾನು ನಿರಪರಾಧಿ ಎಂದು ಸಾರುವುದಕ್ಕೂ ಇಂಗ್ಲಿಷ್‌ನಲ್ಲಿ ಇದೇ ಕ್ರಿಯಾಪದ ಬಳಕೆಯಲ್ಲಿದೆ.

ಡಿಮರ್: ಸಂಕೋಚದಿಂದ, ಮೆಲುದನಿಯಲ್ಲಿ ಅಸಮ್ಮತಿ ತೋರುವುದು. ‘ತಡಮಾಡು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ.

ಡಿನೈ, ರಿಬಟ್ ಮತ್ತು ರಿಫ್ಯೂಟ್: ‘ಡಿನೈ’ ಎಂದರೆ ‘ಅದು ಸುಳ್ಳು’ ಎನ್ನುವುದು. ‘ರಿಬಟ್’ ಎಂದರೆ ಪ್ರತಿವಾದ ಅಥವಾ ಪುರಾವೆಯನ್ನು ಮುಂದಿಡುವುದು. ‘ರಿಫ್ಯೂಟ್’ ಎಂದರೆ ಸಾಂಪ್ರದಾಯಿಕ ಅರ್ಥದಲ್ಲಿ ಅದು ಸುಳ್ಳೆಂದು ಸಿದ್ಧಪಡಿಸುವುದು. ಇತ್ತೀಚೆಗೆ ‘ರಿಫ್ಯೂಟ್’ ಪದವನ್ನು ಬರಿಯ ನಿರಾಕರಣೆಗೂ ಬಳಸುತ್ತಾರೆ. ಆದರೆ ಅನೇಕ ಶೈಲಿ ಕೈಪಿಡಿಗಳು ಇದನ್ನು ಒಪ್ಪುವುದಿಲ್ಲ. ಸಚಿವರೊಬ್ಬರು ಆರೋಪವನ್ನು ‘ರಿಫ್ಯೂಟ್’ ಮಾಡಿದರು ಎಂದು ಬರೆದರೆ, ಆರೋಪ ಬಿದ್ದುಹೋಯಿತು ಎಂದು ವರದಿಗಾರರೇ ಹೇಳಿದಂತಾಗುವ ಅಪಾಯವಿದೆ.

ಕನ್ನಡಿಗರಲ್ಲಿ ಕಂಡುಬರುವ ದೋಷಗಳು

ಕನ್ನಡದಲ್ಲಿ ಬಹುತೇಕ ಎಲ್ಲ ಹೇಳಿಕೆಗಳನ್ನೂ ‘ಎಂದು’ ಎಂಬ ಪದದ ಮೂಲಕ ಜೋಡಿಸಬಹುದು. ‘ಎಂದು ಹೇಳಿದನು’, ‘ಎಂದು ವಾದಿಸಿದನು’, ‘ಎಂದು ಆಕ್ಷೇಪಿಸಿದನು’ ಎಂಬಲ್ಲಿ ವಾಕ್ಯರಚನೆ ಬದಲಾಗುವುದಿಲ್ಲ. ಇಂಗ್ಲಿಷ್‌ನಲ್ಲಿ ಪ್ರತಿಯೊಂದು ಕ್ರಿಯಾಪದಕ್ಕೂ ತನ್ನದೇ ರಚನೆಯಿರುವುದರಿಂದ ಈ ಕೆಳಗಿನ ತಪ್ಪುಗಳಾಗುತ್ತವೆ.

1. ‘ನನಗೆ ಹೇಳಿದನು’ ಎಂಬುದರ ಪ್ರಭಾವದಿಂದ ‘ಹಿ ಸೆಡ್ ಮಿ’ ಎನ್ನುವುದು. ಸರಿಯಾದ ರೂಪ ‘ಹಿ ಟೋಲ್ಡ್ ಮಿ’ ಅಥವಾ ‘ಹಿ ಸೆಡ್ ಟು ಮಿ’.

2. ‘ಹಿ ಟೋಲ್ಡ್ ದಟ್’ ಎನ್ನುವುದು. ‘ಟೆಲ್’ ನಂತರ ‘ದಟ್’ ಉಪವಾಕ್ಯ ಬರಬೇಕಾದರೆ ನಡುವೆ ಕೇಳುವವರ ಉಲ್ಲೇಖ ಬೇಕು. ಕೇಳುವವರ ಹೆಸರು ಬೇಡವಾದರೆ ‘ಸೆಡ್’ ಬಳಸಬೇಕು. ಸತ್ಯ, ಸುಳ್ಳು, ಕಥೆ ಮುಂತಾದವುಗಳನ್ನು ಹೇಳುವಾಗ ‘ಟೆಲ್’ ಪದವು ಕೇಳುಗರಿಲ್ಲದೆಯೂ ನಿಲ್ಲುತ್ತದೆ.

3. ‘ನಿರಾಕರಿಸು’ ಎಂಬ ಒಂದೇ ಕನ್ನಡ ಪದವು ‘ಡಿನೈ’ ಮತ್ತು ‘ರಿಫ್ಯೂಸ್’ ಎರಡಕ್ಕೂ ಸಲ್ಲುವುದರಿಂದ ‘ಹಿ ಡಿನೈಡ್ ಟು ಕಮ್’ ಎನ್ನುವುದು. ಬರಲು ಒಪ್ಪದಿದ್ದರೆ ‘ರಿಫ್ಯೂಸ್ಡ್ ಟು ಕಮ್’. ಬಂದದ್ದನ್ನು ಅಲ್ಲಗಳೆದರೆ ‘ಡಿನೈಡ್ ಕಮಿಂಗ್’.

4. ‘ಅಬ್ಜೆಕ್ಟ್ ಟು ಪೇ’ ಎನ್ನುವುದು. ಇಲ್ಲಿನ ‘ಟು’ ಪ್ರಿಪೊಸಿಷನ್ ಆಗಿರುವುದರಿಂದ ‘ಅಬ್ಜೆಕ್ಟ್ ಟು ಪೇಯಿಂಗ್’ ಎಂಬುದು ಸರಿ.

5. ‘ಅಪೋಸ್ ಟು ದ ಪ್ಲಾನ್’ ಎನ್ನುವುದು. ‘ಅಪೋಸ್’ ಸಕರ್ಮಕ ಕ್ರಿಯಾಪದ. ಅದಕ್ಕೆ ನೇರವಾಗಿ ಕರ್ಮ ಸೇರುತ್ತದೆ. ಆದರೆ ‘ಬಿ ಅಪೋಸ್ಡ್ ಟು’ ಎಂಬ ರೂಪದಲ್ಲಿ ‘ಟು’ ಅಗತ್ಯ.

‘ಪ್ರೊಟೆಸ್ಟ್’ ವಿಷಯದಲ್ಲಿ ಪ್ರಾದೇಶಿಕ ಭೇದವಿದೆ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ‘ಅಗೇನ್‌ಸ್ಟ್’ ಸೇರಿಸುತ್ತಾರೆ. ಅಮೆರಿಕನ್ ಇಂಗ್ಲಿಷ್‌ನಲ್ಲಿ ಅದಿಲ್ಲದೆಯೂ ನೇರ ಕರ್ಮ ಬರುತ್ತದೆ. ‘ಅಬ್ಜೆಕ್ಟ್’ ನಾಮಪದವಾದಾಗ ಉಚ್ಚಾರಣೆಯ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ ಬೀಳುತ್ತದೆ.

ಸುದ್ದಿ ಮತ್ತು ನ್ಯಾಯಾಲಯದ ಭಾಷೆ

ನ್ಯಾಯಾಲಯದಲ್ಲಿ ಪ್ರತಿಯೊಬ್ಬರ ಮಾತಿಗೂ ನಿಗದಿತ ಕ್ರಿಯಾಪದವಿದೆ. ವಕೀಲರು ತಮ್ಮ ವಾದವನ್ನು ‘ಸಬ್ಮಿಟ್’ ಮಾಡುತ್ತಾರೆ, ಸಾಕ್ಷಿಗಳು ‘ಡಿಪೋಸ್’ ಅಥವಾ ‘ಟೆಸ್ಟಿಫೈ’ ಮಾಡುತ್ತಾರೆ, ದೂರುದಾರರು ‘ಅಲೆಜ್’ ಮಾಡುತ್ತಾರೆ, ನ್ಯಾಯಾಲಯವು ‘ಹೋಲ್ಡ್’ ಅಥವಾ ‘ಅಬ್ಸರ್ವ್’ ಮಾಡುತ್ತದೆ. ‘ಹೋಲ್ಡ್’ ಎಂದರೆ ನಿರ್ಣಯಿಸುವುದು. ‘ಅಬ್ಸರ್ವ್’ ಎಂದರೆ ಅಭಿಪ್ರಾಯ ವ್ಯಕ್ತಪಡಿಸುವುದು. ಎರಡನ್ನೂ ಒಂದೇ ಎಂದು ಭಾವಿಸಿದರೆ ಬರಿಯ ಅಭಿಪ್ರಾಯವೊಂದು ತೀರ್ಪೆಂದು ಪ್ರಚಾರವಾಗುತ್ತದೆ.

ಅನುವಾದದಲ್ಲಿಯೂ ಇದೇ ಎಚ್ಚರ ಬೇಕು. ‘ಅಲೆಜ್ಡ್’ ಎಂಬ ಪದವನ್ನು ಕೈಬಿಟ್ಟರೆ ಆರೋಪಿಯು ಓದುಗರ ದೃಷ್ಟಿಯಲ್ಲಿ ಅಪರಾಧಿಯಾಗಿಬಿಡುತ್ತಾನೆ. ಕನ್ನಡ ಪತ್ರಿಕೆಗಳು ಬಳಸುವ ‘ಎನ್ನಲಾಗಿದೆ’, ‘ಎಂದು ಆರೋಪಿಸಲಾಗಿದೆ’ ಎಂಬ ರೂಪಗಳು ಈ ಅಂತರವನ್ನು ಕಾಯ್ದುಕೊಳ್ಳಲು ನೆರವಾಗುತ್ತವೆ.

ಆಯ್ಕೆಯ ಕ್ರಮ

ಕ್ರಿಯಾಪದವನ್ನು ಆರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ: ಹೇಳಿದ್ದು ಸತ್ಯವೆಂದು ಬರೆಯುವವರಿಗೆ ಗೊತ್ತಿದೆಯೇ? ಮಾತನಾಡಿದವರು ಕಾರಣ ಅಥವಾ ಪುರಾವೆ ಕೊಟ್ಟಿದ್ದಾರೆಯೇ? ಎದುರು ಪಕ್ಷವೊಂದು ಇದೆಯೇ? ಇವಕ್ಕೆ ಉತ್ತರ ಖಚಿತವಿಲ್ಲದಿದ್ದರೆ ‘ಸೇ’ ಎಂಬುದೇ ಸುರಕ್ಷಿತ. ಒಂದೇ ಪದ ಮರುಕಳಿಸುತ್ತದೆ ಎಂಬ ಕಾರಣಕ್ಕೆ ‘ಕ್ಲೇಮ್’ ಅಥವಾ ‘ಅಡ್ಮಿಟ್’ ಬಳಸುವುದು ತರವಲ್ಲ. ಪುನರುಕ್ತಿಯಿಂದ ಬರವಣಿಗೆ ಸ್ವಲ್ಪ ಸಪ್ಪೆಯಾಗಬಹುದು. ತಪ್ಪು ಕ್ರಿಯಾಪದದಿಂದ ಮಾತನಾಡಿದ ವ್ಯಕ್ತಿಗೆ ಅನ್ಯಾಯವಾಗುತ್ತದೆ.